ಭಾಗೀರಥಿ ಏರಿದ ಐದು ಮೆಟ್ಟಿಲು

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ. ಸೇರಗುಡ್ಡೆ ನೀರೂ ಬರಲಿಲ್ಲ. ಜೋಯಿಸರು ಹೊತ್ತಿಗೆ ತೆರೆದು, ಮನೆಯ ಸೊಸೆಯನ್ನು ಹಾರ ಕೊಡಬೇಕೆಂದರು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ನೋಡುವವರಾರು? ಕಿರಿಯ ಸೊಸೆ ಭಾಗೀರಥಿಯ ಹೆಸರು ನಿಂತಿತು. ಗಂಡ ಮಾದೇವರಾಯ ದಂಡಿನಲ್ಲಿದ್ದ.

ಕನ್ನಡ ಶಾಲೆಯಲ್ಲಿ ಓದಿದ ಅನೇಕರಿಗೆ ‘ಕೆರೆಗೆ ಹಾರ’ ಕಥನಗೀತೆ ಪರಿಚಿತ. ಊರ ಹಿತಕ್ಕಾಗಿ ಪ್ರಾಣ ಕೊಟ್ಟ ತ್ಯಾಗಮಯಿ ಎಂದೇ ಭಾಗೀರಥಿಯನ್ನು ಬಹುಕಾಲ ಕೊಂಡಾಡಲಾಯಿತು. ಆದರೆ ಹಾಡು ಹೇಳುವುದು ಅಷ್ಟನ್ನೇ ಅಲ್ಲ.

ಉತ್ತರ ಕರ್ನಾಟಕದ ಆಡುಮಾತಿನ ಈ ಹಾಡಿನ ಸಂಕಟ ವಿಜಾಪುರ ಸೀಮೆಗೆ ಹೊಸದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆಹೊಲಗಳು ಮುಗಿಲು ನೋಡಿ ಬದುಕಿದಂಥವು. 1876-78ರ ಬರ ಈ ಭಾಗವನ್ನು ಹಿಂಡಿ ಹಾಕಿತ್ತು. ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಅದಕ್ಕೂ ಮೊದಲು ಕೆರೆಯ ನೀರೆಂದರೆ ಜೀವ. ಆ ಜೀವಕ್ಕೆ ಬೆಲೆ ತೆತ್ತವರು ಯಾರೆಂದು ಹಾಡಿಕೊಂಡವರು ಹೆಂಗಸರು.

ಅವರ ಹಾಡುಗಳನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡವರೂ ಇದೇ ಸೀಮೆಯವರು. ಆಗ ಇಂಡಿ ತಾಲ್ಲೂಕಿನಲ್ಲಿದ್ದ, ಈಗ ಚಡಚಣ ತಾಲ್ಲೂಕಿಗೆ ಸೇರಿರುವ ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪನವರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಎರಡು ವರ್ಷ ಮೊದಲು, 1929ರಲ್ಲಿ, ಬಿ.ಎಂ.ಶ್ರೀಯವರು ಗ್ರೀಕ್ ದುರಂತ ನಾಟಕದ ಮಾದರಿಯಲ್ಲಿ ‘ಅಶ್ವತ್ಥಾಮನ್’ ಬರೆದಿದ್ದರು. ದುರಂತ ಎಂದೊಡನೆ ಪಂಡಿತರು ಗ್ರೀಸಿನ ಕಡೆ ನೋಡಿದರು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ದುರಂತಕ್ಕೆ ಆ ಹೆಸರು ಸಿಗಲು ತಡವಾಯಿತು.

ಗ್ರೀಕರಲ್ಲೂ ಭಾಗೀರಥಿಯಂಥವಳು ಒಬ್ಬಳಿದ್ದಾಳೆ. ಯೂರಿಪಿಡೀಸನ ನಾಟಕದಲ್ಲಿ ಹಡಗುಗಳಿಗೆ ಅನುಕೂಲದ ಗಾಳಿ ಬೀಸಲೆಂದು ಅಗಮೆಮ್ನಾನ್ ಮಗಳು ಇಫಿಜೀನಿಯಾಳನ್ನು ಬಲಿಗೆ ಒಪ್ಪಿಸುತ್ತಾನೆ. ಮದುವೆಯ ನೆಪ ಹೇಳಿ ಅವಳನ್ನು ಕರೆಸಿಕೊಳ್ಳುತ್ತಾನೆ. ಅಲ್ಲಿ ಗಾಳಿ, ಇಲ್ಲಿ ನೀರು. ಫ್ರಾನ್ಸಿನ ವಿದುಷಿ ನಿಕೋಲ್ ಲೋರೋ 1985ರ ತಮ್ಮ ಪುಸ್ತಕದಲ್ಲಿ, ಗ್ರೀಕ್ ದುರಂತಗಳಲ್ಲಿ ಹೆಣ್ಣಿನ ಸಾವು ಪ್ರೇಕ್ಷಕರ ಕಣ್ಣಿಗೆ ಬೀಳದೆ ಪರರ ಮಾತಿನಲ್ಲಿ ಬರುವುದನ್ನು ತೋರಿಸಿದರು. ಸ್ತ್ರೀವಾದಿ ವಿಮರ್ಶೆಯ ಕೆಲಸ ಇಂಥದ್ದೇ. ಯಾರು ಮಾತಾಡಿದರು, ಯಾರ ಬಾಯಿ ಕಟ್ಟಿತ್ತು, ಸಾವನ್ನು ಯಾರು ತೀರ್ಮಾನಿಸಿದರು ಎಂದು ಅದು ಕೇಳುತ್ತದೆ. ಕನ್ನಡದಲ್ಲಿ ಇಂಥ ಓದಿಗೆ ದಾರಿ ಮಾಡಿದವರಲ್ಲಿ 2018ರಲ್ಲಿ ತೀರಿಕೊಂಡ ವಿಜಯಾ ದಬ್ಬೆ ಮುಖ್ಯರು.

ಈ ಪ್ರಶ್ನೆಗಳನ್ನು ಹಿಡಿದು ಹಾಡಿನೊಳಗೆ ಹೋದರೆ ಮೊದಲು ಎದುರಾಗುವುದು ತವರುಮನೆ. ಸುದ್ದಿ ತಿಳಿದ ಭಾಗೀರಥಿ ಅಲ್ಲಿಗೆ ಓಡುತ್ತಾಳೆ. ಕಣ್ಣೀರೇಕೆಂದು ತಂದೆ ಕೇಳಿದರೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ಹೊಲಮನೆ ಕೊಡಿಸುವೆನೆಂದು ತಂದೆ, ಒಡವೆ ಕೊಡಿಸುವೆನೆಂದು ತಾಯಿ. ಇಫಿಜೀನಿಯಾಳ ತಾಯಿ ಗಂಡನ ಮುಖಕ್ಕೇ ಎದುರುತ್ತರ ಕೊಡುತ್ತಾಳೆ. ಭಾಗೀರಥಿಯ ತಾಯಿಗೆ ಸುದ್ದಿಯೇ ಮುಟ್ಟುವುದಿಲ್ಲ. ನಿಜ ಹೇಳುವುದು ಗೆಳತಿಯೊಬ್ಬಳ ಮುಂದೆ. ಆ ಗೆಳತಿಯೋ, ಅವರು ಇಟ್ಟಂತೆ ಇರಬೇಕೆಂದು ಬುದ್ಧಿ ಹೇಳಿ ಕಳಿಸುತ್ತಾಳೆ. ಕಟುಕಳೆಂದು ಅವಳನ್ನು ದೂರುವುದು ಸುಲಭ. ತಾನೂ ಸೊಸೆಯಾದವಳು ಕಲಿತ ಪಾಠವನ್ನೇ ಅವಳು ಒಪ್ಪಿಸಿದಂತಿದೆ.

ಗಂಗೆಪೂಜೆ ಮುಗಿಸಿ ಎಲ್ಲರೂ ಹೊರಡುತ್ತಾರೆ. ಬಂಗಾರದ ಬಟ್ಟಲು ಮರೆತು ಬಂದಿದೆಯೆಂದು ಕಿರಿಸೊಸೆಯನ್ನೇ ಹಿಂದಕ್ಕೆ ಕಳಿಸುತ್ತಾರೆ. ಬಟ್ಟಲು ತೆಗೆದುಕೊಂಡು ಅವಳು ಮೆಟ್ಟಿಲು ಏರತೊಡಗಿದಂತೆ ನೀರೂ ಏರುತ್ತದೆ. ಪಾದ ನೆನೆಯುತ್ತದೆ, ಮೊಣಕಾಲು ಮುಟ್ಟುತ್ತದೆ, ನಡು ಮುಟ್ಟುತ್ತದೆ; ಐದನೆಯ ಮೆಟ್ಟಿಲಿಗೆ ಅವಳಿಲ್ಲ. ಗ್ರೀಕರು ಮರೆಯಲ್ಲಿಟ್ಟ ಸಾವನ್ನು ಹಾಡುಗಾರ್ತಿಯರು ಒಂದೊಂದೇ ಮೆಟ್ಟಿಲಾಗಿ ಕಣ್ಣಮುಂದೆ ತಂದಿದ್ದಾರೆ. ಗಮನಿಸಬೇಕಾದ ಸಂಗತಿಯೆಂದರೆ, ಭಾಗೀರಥಿ ಕೆರೆಗೆ ಹಾರಿಕೊಳ್ಳಲಿಲ್ಲ. ಅವಳು ಮೇಲೆ ಹತ್ತುತ್ತಿದ್ದಳು. ತ್ಯಾಗವೆಂಬ ಮಾತು ಈ ಐದು ಮೆಟ್ಟಿಲುಗಳಲ್ಲೇ ಜಾರುತ್ತದೆ.

ಬರಗೂರು ರಾಮಚಂದ್ರಪ್ಪನವರು 2012ರಲ್ಲಿ ಈ ಕಥೆಯನ್ನು ಚಲನಚಿತ್ರವಾಗಿಸಿದರು. ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಬಂದದ್ದು 2003ರಲ್ಲಿ. ಗರತಿಯರು ಹಾಡಿದ ಸೀಮೆಯಲ್ಲೇ ಅವರ ಮೊಮ್ಮಕ್ಕಳು ಈಗ ಸ್ತ್ರೀವಾದವನ್ನು ಪಾಠವಾಗಿ ಓದಬಹುದು.

ಇನ್ನು ಮಾದೇವರಾಯ. ಕೆಟ್ಟ ಕನಸು ಕಂಡು ಕುದುರೆಯೇರಿ ಬಂದ ಅವನಿಗೆ ಮನೆಯವರು ತವರಿಗೆ ಹೋಗಿದ್ದಾಳೆಂದರು, ತವರಿನವರು ಗೆಳತಿಯ ಮನೆಗೆಂದರು. ನಿಜ ಹೇಳಿದವಳು ಆ ಗೆಳತಿಯೇ. ಅವನು ನೇರ ಕೆರೆಗೆ ಬಂದ, ಅತ್ತ, ಹಾರಿಕೊಂಡ. ಇಡೀ ಕಥೆಯಲ್ಲಿ ತಾನಾಗಿ ನೀರಿಗೆ ಹಾರಿದವನು ಅವನೊಬ್ಬನೇ.