ಗ್ರೆಪ್: ಆಜ್ಞೆಯೊಂದು ಕ್ರಿಯಾಪದವಾದ ಬಗೆ

'ಲಾಗ್ ಒಮ್ಮೆ ಗ್ರೆಪ್ ಮಾಡಿ ನೋಡು' ಎನ್ನುವುದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳ ನಿತ್ಯದ ಮಾತು. ಪರಭಾಷೆಯ ಯಾವ ನಾಮಪದ ಬಂದರೂ 'ಮಾಡು' ಸೇರಿಸಿ ನಮ್ಮದಾಗಿಸಿಕೊಳ್ಳುತ್ತೇವಲ್ಲ, ಇದೂ ಹಾಗೆಯೇ. ಆದರೆ ಗ್ರೆಪ್ ಇಂಗ್ಲಿಷಿನ ಯಾವ ಹಳೆಯ ಧಾತುವಿನಿಂದಲೂ ಬಂದದ್ದಲ್ಲ.

ಯುನಿಕ್ಸ್‌ನ ಮೊದಲ ವರ್ಷಗಳಲ್ಲಿ ಬರಹ ತಿದ್ದಲು ಇದ್ದದ್ದು 'ಎಡ್' ಎಂಬ ಸಂಪಾದಕ. ಟೆಲಿಟೈಪ್‌ನಲ್ಲಿ ಆಜ್ಞೆ ಒತ್ತಿದರೆ ಉತ್ತರ ಕಾಗದದ ಮೇಲೆ ಮೂಡುತ್ತಿತ್ತು. ಕಡತದಲ್ಲಿ ಒಂದು ವಿನ್ಯಾಸಕ್ಕೆ ಹೊಂದುವ ಸಾಲುಗಳೆಲ್ಲ ಬೇಕೆಂದರೆ ಮೊದಲು 'ಜಿ', ಎರಡು ಓರೆಗೆರೆಗಳ ನಡುವೆ ಆ ವಿನ್ಯಾಸ, ಕೊನೆಗೆ 'ಪಿ'. ಜಿ ಎಂದರೆ ಗ್ಲೋಬಲ್, ಕಡತದುದ್ದಕ್ಕೂ. ನಡುವಿನ ವಿನ್ಯಾಸದ ಹೆಸರು 'ಆರ್‌ಇ', ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್. ಪಿ ಎಂದರೆ ಪ್ರಿಂಟ್. ಗೆರೆಗಳನ್ನು ಅಳಿಸಿ ಕೂಡಿಸಿದರೆ ಗ್ರೆಪ್.

ಇದರಲ್ಲಿ ಎಲ್ಲಕ್ಕಿಂತ ಹಳೆಯದು ನಡುವಿನ ತುಂಡು. ಗಣಿತಜ್ಞ ಸ್ಟೀಫನ್ ಕ್ಲೀನಿ ನರಜಾಲಗಳ ಬಗ್ಗೆ ಯೋಚಿಸುತ್ತ 1950ರ ದಶಕದಲ್ಲಿ 'ರೆಗ್ಯುಲರ್' ಎಂಬ ವಿಶೇಷಣವನ್ನು ಇಲ್ಲಿಗೆ ತಂದರು. 1968ರಲ್ಲಿ, ಮುಂದೆ ಯುನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಅಂಥ ಎಕ್ಸ್‌ಪ್ರೆಶನ್‌ಗಳಿಂದ ಪಠ್ಯ ಹುಡುಕುವ ಕ್ರಮವನ್ನು ಪ್ರಕಟಿಸಿದರು. ಗ್ರೆಪ್ ಹುಟ್ಟಿದ್ದು ಮಾತ್ರ ಇನ್ನೊಬ್ಬರ ಅಗತ್ಯದಿಂದ. ಬೆಲ್ ಲ್ಯಾಬ್ಸ್‌ನ ಲೀ ಮ್ಯಾಕ್‌ಮಹೋನ್‌ಗೆ ಅಮೆರಿಕದ 'ಫೆಡರಲಿಸ್ಟ್' ಪ್ರಬಂಧಗಳಲ್ಲಿ ಯಾವುದು ಯಾರದೆಂದು ಶೈಲಿಯಿಂದ ಪತ್ತೆ ಹಚ್ಚುವ ಆಸೆ. 85 ಪ್ರಬಂಧಗಳ ಆ ಪಠ್ಯ 'ಎಡ್'ನಲ್ಲಿ ಹಿಡಿಸದಷ್ಟು ದೊಡ್ಡದು. ಹುಡುಕುವ ಭಾಗವನ್ನಷ್ಟೇ ಥಾಂಪ್ಸನ್ ಬೇರೆ ಉಪಕರಣವಾಗಿಸಿದ್ದನ್ನು ವಿವರಿಸುವಾಗ ಅವರ ಸಹೋದ್ಯೋಗಿ ಬ್ರಯಾನ್ ಕರ್ನಿಗನ್ ಹೇಳುವ ಕಥೆ ಇದು. 1973ರ ಯುನಿಕ್ಸ್ ಕೈಪಿಡಿಯಲ್ಲಿ ಗ್ರೆಪ್ ಇದೆ. 2003ರಲ್ಲಿ ಆಕ್ಸ್‌ಫರ್ಡ್ ನಿಘಂಟು ಅದನ್ನು ನಾಮಪದವೆಂದೂ ಕ್ರಿಯಾಪದವೆಂದೂ ಸೇರಿಸಿಕೊಂಡಿತು.

ಅರ್ಥ ಹೊರಳಿದ್ದು 'ಪಿ'ಯಲ್ಲಿ. ಮುದ್ರಿಸು ಎಂದರೆ ಇಡೀ ಸಾಲನ್ನು ಮುದ್ರಿಸು ಎಂದೇ ಆಗ ಅರ್ಥ. ಇಂದಿನ ಗ್ನೂ ಗ್ರೆಪ್‌ಗೆ 'ಓ' ಆಯ್ಕೆ ಕೊಟ್ಟರೆ ಹೊಂದಿದ ತುಣುಕಷ್ಟೇ ಬರುತ್ತದೆ. ಲಾಗ್ ಸಾಲಿನಿಂದ ದಿನಾಂಕವನ್ನೋ ದೋಷಸಂಖ್ಯೆಯನ್ನೋ ಹೆಕ್ಕಲು ಇಷ್ಟು ಸಾಕು. ನನಗಂತೂ ಇದೇ ಈ ಪದದ ಎರಡನೇ ಹುಟ್ಟು.

ಯುನಿಕೋಡ್ ಪರಿಸರದಲ್ಲಿ ಇದೇ ಆಯ್ಕೆಯ ಜೊತೆ ಯಾವುದೇ ಒಂದು ಸಂಕೇತಕ್ಕೆ ಹೊಂದುವ ಚುಕ್ಕಿಯನ್ನು ವಿನ್ಯಾಸವಾಗಿ ಕೊಟ್ಟು 'ಕನ್ನಡ' ಎಂಬ ಪದವನ್ನು ಹಾಯಿಸಿ ನೋಡಿ. ನಾವು ಎಣಿಸುವ ಅಕ್ಷರ ಮೂರು, ಬರುವ ಸಾಲು ಐದು: ಕ, ನ, ಒಂಟಿಯಾಗಿ ವಿರಾಮ (ಅರ್ಧಾಕ್ಷರದ ಗುರುತು), ಮತ್ತೆ ನ, ಡ. ಒತ್ತಕ್ಷರ ಒಡೆಯದೆ ಬರಬೇಕಾದರೆ ವ್ಯಂಜನ, ಅದರ ನಂತರ ವಿರಾಮವಿದ್ದರೆ ಮುಂದಿನ ವ್ಯಂಜನ, ಕೊನೆಗೆ ಸ್ವರಚಿಹ್ನೆ ಎಂದು ನಮ್ಮ ಕಾಗುಣಿತದ ನಿಯಮವನ್ನೇ ವಿನ್ಯಾಸವಾಗಿ ಬರೆದುಕೊಡಬೇಕು.