ಆಟದ ಶೂ, ಬೀದಿಯ ಮರ್ಯಾದೆ

ಈ ಸಂಚಿಕೆಗೆ ಯಾವುದಾದರೂ ಒಂದು ವಸ್ತುವಿನ ಇತಿಹಾಸ ಬರೆಯಿರಿ ಎಂದು ನಮ್ಮ ಟೀಚರ್ ಹೇಳಿದರು. ನಾನು ಬ್ಯಾಸ್ಕೆಟ್‌ಬಾಲ್ ಶೂ ಆರಿಸಿಕೊಂಡೆ. ಅಜ್ಜಿ ಫೋನಿನಲ್ಲಿ ನಕ್ಕು, "ಬಾಗಿಲ ಆಚೆ ಬಿಟ್ಟು ಬರೋದರ ಬಗ್ಗೆ ಏನೋ ಬರೀತೀಯಾ?" ಎಂದರು. ಈ ಶೂ ಹುಟ್ಟಿದ್ದು ಆಟದ ಅಂಗಣಕ್ಕಾಗಿ. ಅದಕ್ಕೆ ಮರ್ಯಾದೆ ತಂದುಕೊಟ್ಟವರು ಮಾತ್ರ ಬೀದಿಯ ಹುಡುಗರು. ಆ ಕಥೆ ನಮ್ಮ ವುಡ್‌ಬ್ರಿಡ್ಜ್ ಪಕ್ಕದಲ್ಲೇ ಹಾದುಹೋಗಿದೆ.

ಕಾನ್ವರ್ಸ್ ಕಂಪನಿಯ ಆಲ್ ಸ್ಟಾರ್ ಬಂದದ್ದು 1917ರಲ್ಲಿ. ಕ್ಯಾನ್ವಾಸ್ ಬಟ್ಟೆ, ರಬ್ಬರ್ ಸೋಲ್, ಅಷ್ಟೇ. ಊರೂರು ತಿರುಗಿ ಆಟ ಹೇಳಿಕೊಡುತ್ತಾ ಶೂ ಮಾರುತ್ತಿದ್ದ ಚಕ್ ಟೇಲರ್ ಹೆಸರು ಆಮೇಲೆ ಅದಕ್ಕೆ ಸೇರಿತು. ಅಪ್ಪ ದಾವಣಗೆರೆಯಲ್ಲಿ ಶಾಲೆಗೆ ಹಾಕುತ್ತಿದ್ದ ಬಿಳಿ ಕ್ಯಾನ್ವಾಸ್ ಶೂ ಅದರ ಬಡ ದಾಯಾದಿ ಎನ್ನಬಹುದು. ಶನಿವಾರದ ಡ್ರಿಲ್‌ಗೆ ಮುಂಚೆ ಕೊಳೆ ಕಾಣದಂತೆ ಅದಕ್ಕೆ ಚಾಕ್‌ಪೀಸ್ ಉಜ್ಜುತ್ತಿದ್ದರಂತೆ.

1973ರಲ್ಲಿ ಪೂಮಾ ಕಂಪನಿ ನ್ಯೂಯಾರ್ಕ್ ನಿಕ್ಸ್ ತಂಡದ ವಾಲ್ಟ್ ಫ್ರೇಜಿಯರ್ ಅವರ ಅಡ್ಡಹೆಸರಿನಲ್ಲಿ ‘ಕ್ಲೈಡ್’ ಶೂ ತಂದಿತು. ಅವರು ಅಂಗಣದ ಹೊರಗೂ ದೊಡ್ಡ ಸೊಗಸುಗಾರ. ಮುಂದೆ ಕ್ವೀನ್ಸ್‌ನ ಹಾಲಿಸ್‌ನಿಂದ ರನ್ ಡಿಎಂಸಿ ಎಂಬ ರ‍್ಯಾಪ್ ತಂಡ ಬಂತು. ಇವರು ಹಾಕುತ್ತಿದ್ದದ್ದು ಕಪ್ಪೆಚಿಪ್ಪಿನಂಥ ಮೂತಿಯ ಅಡಿಡಾಸ್ ಸೂಪರ್‌ಸ್ಟಾರ್, ಅದೂ ಲೇಸ್ ಇಲ್ಲದೆ. ಇಂಥ ಶೂ ಹಾಕುವವರೆಲ್ಲ ಪುಂಡರು ಎಂಬ ಮಾತಿಗೆ ಅವರು ಹಾಡಿನಲ್ಲೇ ಉತ್ತರ ಕೊಟ್ಟರು. 1986ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವರು ಕೇಳಿದ ಕೂಡಲೇ ಜನ ತಮ್ಮ ಶೂ ಕಳಚಿ ಮೇಲೆತ್ತಿ ಹಿಡಿದರು. (ನಮ್ಮ ಮನೆಯಲ್ಲಿ ಹಾಗೆ ಎತ್ತಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ!)

ನನಗೆ ತುಂಬಾ ಇಷ್ಟವಾದದ್ದು ಏರ್ ಫೋರ್ಸ್ ಒನ್ ಕಥೆ. 1982ರಲ್ಲಿ ಬಂದ ಇದು, ಸೋಲ್ ಒಳಗೆ ಗಾಳಿಚೀಲ ಇಟ್ಟ ನೈಕಿಯ ಮೊದಲ ಬ್ಯಾಸ್ಕೆಟ್‌ಬಾಲ್ ಶೂ. ಆಗ ಹಳೆಯ ಶೂ ನಿಲ್ಲಿಸಿ ಹೊಸದು ತರುವುದೇ ಪದ್ಧತಿ. ನೈಕಿ ಇದನ್ನೂ ನಿಲ್ಲಿಸಲು ಹೊರಟಿತು. ಬಾಲ್ಟಿಮೋರ್‌ನ ಮೂರು ಅಂಗಡಿಯವರು ಬಿಡಲಿಲ್ಲ. ನಮ್ಮ ಹುಡುಗರು ಇದನ್ನೇ ಕೇಳುತ್ತಾರೆ, ಹೊಸ ಬಣ್ಣಗಳಲ್ಲಿ ಮಾಡಿಕೊಡಿ ಎಂದು ಪಟ್ಟು ಹಿಡಿದರು. ಆ ಬಣ್ಣಗಳು ಬೇರೆಲ್ಲೂ ಸಿಗುತ್ತಿರಲಿಲ್ಲ. ನ್ಯೂಯಾರ್ಕಿನ ಹುಡುಗರು ಕಾರು ಹತ್ತಿ ಬಾಲ್ಟಿಮೋರ್‌ಗೆ ಹೋಗಿ ಕೊಂಡು ತರುತ್ತಿದ್ದರು. ಆ ದಾರಿ ಎಂದರೆ ಟರ್ನ್‌ಪೈಕ್, ನಮ್ಮ 11ನೇ ಎಕ್ಸಿಟ್ ಮುಂದೆಯೇ! ನಿಂತುಹೋದ ಶೂ ಮತ್ತೆ ತಂದರೆ ಜನ ಕೊಳ್ಳುತ್ತಾರೆ ಎಂಬುದು ಕಂಪನಿಗೆ ಗೊತ್ತಾಯಿತು. ಇಂದಿನ ‘ರೆಟ್ರೋ’ ವ್ಯಾಪಾರದ ಬೇರು ಇಲ್ಲಿದೆ. ಹಾರ್ಲೆಮ್‌ನಲ್ಲಿ ಈ ಶೂಗೆ ‘ಅಪ್‌ಟೌನ್’ ಎಂದೇ ಹೆಸರಾಯಿತು. ಬಿಳಿ ಜೋಡಿಗೆ ಒಂದು ಕಲೆಯೂ ತಾಗದಂತೆ ಹಲ್ಲುಜ್ಜುವ ಬ್ರಷ್ ಹಿಡಿದು ತಿಕ್ಕುವವರಿದ್ದರು. ಅಪ್ಪನ ಚಾಕ್‌ಪೀಸ್‌ಗೂ ಇದಕ್ಕೂ ಏನು ವ್ಯತ್ಯಾಸ?

1985ರಲ್ಲಿ ಬಂದ ಏರ್ ಜೋರ್ಡನ್ ಬೆಲೆ 65 ಡಾಲರ್. ಅಂದಿಗೆ ಅದು ದುಬಾರಿ. ಶೂಗಾಗಿ ಹುಡುಗರನ್ನು ದೋಚುವುದು, ಕೊಲ್ಲುವುದು ಕೂಡ ನಡೆಯಿತು. 1990ರ ಮೇ ತಿಂಗಳಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಅದನ್ನೇ ಮುಖಪುಟ ಮಾಡಿತು. ಹಳೆಯ ದಿನಗಳ ನೆನಪಿನಲ್ಲಿ ಈ ಪುಟವನ್ನು ಯಾರೂ ತೆರೆಯುವುದಿಲ್ಲ. 2023ರಲ್ಲಿ ಮೈಕೆಲ್ ಜೋರ್ಡನ್ 1998ರ ಫೈನಲ್ಸ್‌ನಲ್ಲಿ ಹಾಕಿದ್ದ ಜೋಡಿ ಸೋದ್‌ಬೀಸ್ ಹರಾಜಿನಲ್ಲಿ 22 ಲಕ್ಷ ಡಾಲರಿಗೆ ಹೋಯಿತು. ಅದನ್ನು ಇನ್ನು ಯಾರ ಕಾಲೂ ಮುಟ್ಟಲಾರದು. ಪೆಟ್ಟಿಗೆ ಬಿಚ್ಚದೆ ಮಾರುವ, ಕೊಳ್ಳುವ ನನ್ನ ಗೆಳೆಯರನ್ನು ಕಂಡರೂ ನನಗೆ ಬೇಸರವೇ.

ನಮ್ಮ ಚಿಕ್ಕಪ್ಪ ಇಲ್ಲಿಗೆ ಓದಲು ಬಂದ ಹೊಸತರಲ್ಲಿ, 1999ರಲ್ಲಿ, ಕ್ಯಾಂಪಸ್ ಕೆಲಸದ ಹಣ ಕೂಡಿಟ್ಟು ಒಂದು ಜೊತೆ ಬ್ಯಾಸ್ಕೆಟ್‌ಬಾಲ್ ಶೂ ಕೊಂಡಿದ್ದರು. ಹಾಕಿದರೆ ಹಾಳಾದೀತು ಎಂದು ಪೆಟ್ಟಿಗೆಯಲ್ಲೇ ಇಟ್ಟರು. ಹೋದ ಬೇಸಿಗೆಯಲ್ಲಿ ಹೊರತೆಗೆದು ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟರು, ಸೋಲ್ ರಸ್ಕಿನಂತೆ ಪುಡಿಪುಡಿಯಾಯಿತು. ಪಾಲಿಯುರೆಥೇನ್ ಫೋಮ್ ಗಾಳಿಯ ತೇವದಿಂದಲೇ ವರ್ಷಗಳಲ್ಲಿ ಸವೆಯುತ್ತದೆಯಂತೆ, ಹಾಕದಿದ್ದರೂ. ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಅದೇ ಮಾದರಿ ಈಗ ಮತ್ತೆ ಅಂಗಡಿಗೆ ಬಂದಿದೆ. ಈ ಸಲ ಕೊಂಡ ದಿನವೇ ಹಾಕುತ್ತೇನೆ ಎನ್ನುತ್ತಾರೆ. ಚಿಕ್ಕಮ್ಮ ಇನ್ನೂ ಒಪ್ಪಿಲ್ಲ.