ತೇಯ್ದ ಹುಣಸೆ ಬೀಜ: ಬಯಲುಸೀಮೆಯ ಆಟದ ಕಾಯಿಗಳು

ಮನೆಯೊಳಗೆ ಕುಳಿತು ಆಡುವ ಆಟಗಳ ಚರಿತ್ರೆಯನ್ನು ಬರೆದವರು ಆಟದ ನಿಯಮಗಳಿಗೆ ಕೊಟ್ಟ ಗಮನವನ್ನು ಆಟದ ಕಾಯಿಗಳಿಗೆ, ಅಂದರೆ ಆಟಗಾರನ ಪರವಾಗಿ ಮನೆಯಿಂದ ಮನೆಗೆ ನಡೆಯುವ ಅಥವಾ ಪಣವಾಗಿ ಕೈ ಬದಲಾಯಿಸುವ ಸಣ್ಣ ವಸ್ತುಗಳಿಗೆ, ಕೊಟ್ಟದ್ದು ಕಡಿಮೆ. ಆದರೆ ಆಟದ ಮೇಲಿನ ನಂಬಿಕೆ ನಿಂತಿರುವುದು ಕಾಯಿಯನ್ನು ಯಾರು ಮಾಡಿದರು, ಯಾರು ಒಪ್ಪಿದರು ಎಂಬುದರ ಮೇಲೆಯೇ.

ಈ ಒಪ್ಪಿಗೆಯ ಹಳೆಯ ಕಟ್ಟಳೆಯನ್ನು ಬಯಲುಸೀಮೆಯ ಮೌರ್ಯಕಾಲದ ಶಾಸನಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಅವರು ಗುರುತಿಸಿದ ಅಶೋಕನ ಶಾಸನಗಳು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಈ ಸೀಮೆಯ ಹಿರಿಯ ಅಧಿಕಾರಿಗಳಿಗೆ, ಬಂದ ಆಜ್ಞೆಗಳು. ತಂದೆತಾಯಿಗಳ ಮಾತು ಕೇಳಬೇಕು, ಸತ್ಯವನ್ನು ನುಡಿಯಬೇಕು ಎಂದು ಹೇಳುವ ಆ ಸಾಲುಗಳಲ್ಲಿ ಜೂಜಿನ ಪ್ರಸ್ತಾಪವಿಲ್ಲ. ಅದಿರುವುದು ಪರಂಪರೆಯು ಮೌರ್ಯರ ಆಡಳಿತದೊಂದಿಗೆ ಜೋಡಿಸುವ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಅದರ ಪ್ರಕಾರ ಜೂಜುಕಟ್ಟೆಯ ಮೇಲ್ವಿಚಾರಕನಾದ ದ್ಯೂತಾಧ್ಯಕ್ಷನು ಕವಡೆ ಮತ್ತು ದಾಳಗಳನ್ನು ತಾನೇ ಒದಗಿಸಿ ಬಾಡಿಗೆ ಪಡೆಯುತ್ತಾನೆ, ಗೆದ್ದವನಿಂದ ನೂರಕ್ಕೆ 5ರಂತೆ ವಸೂಲು ಮಾಡುತ್ತಾನೆ, ಅವುಗಳನ್ನು ಬದಲಾಯಿಸಿದವನಿಗೆ 12 ಪಣಗಳ (ಪಣವೆಂದರೆ ಅಂದಿನ ನಾಣ್ಯ) ದಂಡ ಹಾಕುತ್ತಾನೆ. ಇಂದಿನ ಕ್ಯಾಸಿನೊ ತನ್ನ ಮುದ್ರೆಯಿರುವ ಬಿಲ್ಲೆಗಳನ್ನಷ್ಟೇ ಮೇಜಿನ ಮೇಲೆ ಒಪ್ಪುವುದಕ್ಕೂ ಈ ಕಟ್ಟಳೆಗೂ ಉದ್ದೇಶದಲ್ಲಿ ವ್ಯತ್ಯಾಸವಿಲ್ಲ.

ಮನೆಯ ಆಟಕ್ಕೆ ಇಂಥ ಅಧ್ಯಕ್ಷನಿಲ್ಲದ ಕಾರಣ ಕಾಯಿಗಳನ್ನು ಮನೆಯವರೇ ಮಾಡಿಕೊಳ್ಳಬೇಕಾಯಿತು. ಕನ್ನಡದಲ್ಲಿ ಚೌಕಾಬಾರವೆಂದೂ ತೆಲುಗು ಮನೆಮಾತಿನವರಲ್ಲಿ ಅಷ್ಟಾಚೆಮ್ಮವೆಂದೂ ಹೆಸರಾದ ಆಟ ಇದಕ್ಕೆ ಒಳ್ಳೆಯ ನಿದರ್ಶನ. ಆಂಧ್ರದ ರಾಯದುರ್ಗಕ್ಕೆ ಹತ್ತಿರವಾಗಿ ಎರಡೂ ಭಾಷೆಗಳು ಬೆರೆತಿರುವ ಮೊಳಕಾಲ್ಮೂರು ಸೀಮೆಯಲ್ಲಿ ಎರಡು ಹೆಸರುಗಳೂ ಪರಕೀಯವಲ್ಲ. 25 ಮನೆಗಳ ಚೌಕವನ್ನು ಇದ್ದಿಲಿನಿಂದಲೋ ಸೀಮೆಸುಣ್ಣದಿಂದಲೋ ಜಗಲಿಯ ಮೇಲೆ ಬರೆದರೆ ಹಾಸು ಸಿದ್ಧ. ಕವಡೆ ಕಡಲಿನ ಸರಕಾದುದರಿಂದ ಅದು ಸಿಗದ ಕಡೆ ಹುಣಸೆ ಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ತೇಯ್ದು, ಕಂದು ಸಿಪ್ಪೆ ಸವೆದು ಒಳಗಿನ ಬಿಳಿ ಕಾಣುವಂತೆ ಮಾಡುತ್ತಾರೆ; ಅಂಥ 4 ಬೀಜಗಳನ್ನು ಎಸೆದಾಗ ಮೇಲಾದ ಬಿಳಿಗಳನ್ನು ಎಣಿಸುತ್ತಾರೆ, 4 ಬಿಳಿಯಾದರೆ ಚೌಕ, ಒಂದೂ ಬಿಳಿಯಿಲ್ಲದಿದ್ದರೆ 8. ಹೆಚ್ಚು ತೇಯ್ದರೆ ಬೀಜ ಒಂದೇ ಮಗ್ಗುಲಿಗೆ ಬೀಳುವ ಚಾಳಿ ಹಿಡಿಯುತ್ತದೆಯಾದ್ದರಿಂದ, ಎಲ್ಲರೆದುರು ತೇಯುವುದು ಬರಿಯ ಸಿದ್ಧತೆಯಲ್ಲ, ಒಪ್ಪಂದವೂ ಹೌದು.

ನಡೆಸುವ ಕಾಯಿಗಳಲ್ಲಿ ವಿನ್ಯಾಸದ ಪ್ರಶ್ನೆ ಬೇರೆ: ಒಬ್ಬರ ಕಾಯಿ ಇನ್ನೊಬ್ಬರದರೊಡನೆ ಬೆರೆಯಬಾರದು. ಒಬ್ಬರು ಬಳೆಯ ಚೂರು, ಒಬ್ಬರು ಬೆಣಚುಕಲ್ಲು, ಒಬ್ಬರು ಸೀತಾಫಲದ ಬೀಜ, ಒಬ್ಬರು ಮುರಿದ ಕಡ್ಡಿ ಎಂದು ಆರಿಸಿಕೊಳ್ಳುವುದರಿಂದ ಈ ಸಮಸ್ಯೆ ಬಗೆಹರಿಯುತ್ತದೆ. ಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿ ‘ಹಣ್ಣಾಯಿತು’ ಎನ್ನುವ ಮಾತು, ಬೀಜವನ್ನೇ ಕಾಯಿಯೆಂದು ಕರೆದ ರೈತಾಪಿ ನುಡಿಗೆ ತಕ್ಕುದಾಗಿದೆ. ಪಣಕ್ಕಿಡುವ ಬಿಲ್ಲೆಗೆ ತೀರ ಹತ್ತಿರವಾದದ್ದು ಬೇರೊಂದಿದೆ: ಹಿಂದಿನ ತಲೆಮಾರಿನ ಹುಡುಗರು ಪಣವಾಗಿಟ್ಟು ಆಡುತ್ತಿದ್ದ ಬೆಂಕಿಪೊಟ್ಟಣದ ಚಿತ್ರಗಳು. ಸಾಮಾನ್ಯ ಚಿತ್ರಕ್ಕೆ ಕಡಿಮೆ, ಅಪರೂಪದ್ದಕ್ಕೆ ಹೆಚ್ಚು ಬೆಲೆಯೆಂದು ಆಯಾ ಓಣಿಯವರೇ ನಿಗದಿ ಮಾಡುತ್ತಿದ್ದರು.

ಮೈಸೂರು ಅರಮನೆಯ ದಾರಿ ಬೇರೆಯಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಗಂಜೀಫಾ ಎಂಬ ಚಿತ್ರಿತ ಎಲೆಗಳ ಆಟಗಳನ್ನು ವಿವರಿಸಿ, ದೇವತೆಗಳ ಚಿತ್ರಗಳಿಂದ ಅವುಗಳನ್ನು ತಮ್ಮದಾಗಿಸಿಕೊಂಡರು. ಚಿತ್ರಕಾರರ ಆ ಶ್ರಮ ನಿಸ್ಸಂದೇಹವಾಗಿ ದೊಡ್ಡದು, ಆದರೆ ತನ್ನ ಆಟಕ್ಕೆ ತನ್ನದೇ ಗುರುತು ಬೇಕೆಂಬ ಬಯಕೆ ಅರಮನೆಯಿಂದ ಹಳ್ಳಿಗೆ ಇಳಿದು ಬಂದದ್ದೆಂದು ತಿಳಿಯಲು ಆಧಾರವಿಲ್ಲ.

ಗಂಜೀಫಾ ಎಲೆಗಳು ಸಂಗ್ರಹಗಳಲ್ಲಿ ಉಳಿದಿವೆ, ತೇಯ್ದ ಬೀಜ ಆಟ ಮುಗಿದೊಡನೆ ಹಿತ್ತಿಲಿಗೆ ಹೋಗುತ್ತದೆ. ಹಿರಿಯರ ಪೆಟ್ಟಿಗೆಯಲ್ಲಿ ಅಂಥ ಬೀಜಗಳ ಗಂಟು ಸಿಕ್ಕಿದವರು ಅದನ್ನು ಎಸೆಯದೆ, ಯಾವ ಊರಿನದು, ಯಾವ ಆಟದ್ದು ಎಂದು ಕೇಳಿ ತಿಳಿದು, ಒಂದು ಚೀಟಿ ಬರೆದು ಜೊತೆಗಿಡಬೇಕು.